ಬಾಗಿದ ಪೆಟ್ಟಿಗೆ, ಬಿಡಿಸಿ ಕೇಳಿದ ಮಾತು



ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಹಜಾರ ಬಡಗಿಯ ಅಂಗಡಿಯಂತಾಗಿತ್ತು. ಕಾಫಿ ಲೋಟದೊಳಗೂ ಮರದ ಹುಡಿ. ಇದಕ್ಕೆಲ್ಲ ಕಾರಣ ಒಂದು ಹಳೆಯ ಕ್ಯಾಸೆಟ್.

1984ರಲ್ಲಿ ನಮ್ಮ ಅಮ್ಮ ರಾಗಿ ಬೀಸುತ್ತಾ ಹಾಡಿದ್ದನ್ನು ನಾನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದೆ. ಈಗ ಅಮ್ಮ ಇಲ್ಲ. ಮಗ ಆ ಹಾಡನ್ನು ಫೋನಿಗೆ ಇಳಿಸಿಕೊಟ್ಟಿದ್ದ. ನನ್ನ ಅಕ್ಕನಿಗೆ ಎಂಬತ್ತು ದಾಟಿದೆ, ಕಿವಿ ಮಂದ. ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಸೊಳ್ಳೆ ಗುಂಯ್‌ಗುಟ್ಟಿದ ಹಾಗಿದೆ ಕಣೋ. ಇದು ಅಮ್ಮನ ದನಿ ಅಲ್ಲ" ಎಂದು ವಾಪಸ್ ಕೊಟ್ಟಳು.

ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಪುಟ್ಟಿ, ಏಳನೇ ತರಗತಿಯವಳು, "ತಾತ, ದೊಡ್ಡಜ್ಜಿಗೆ ನಾವೇ ಒಂದು ದೊಡ್ಡ ಸ್ಪೀಕರ್ ಮಾಡಿಕೊಡೋಣ" ಎಂದಳು.

ಪೇಟೆಗೆ ಹೋಗಿ ನಾಲ್ಕು ಇಂಚಿನ ಸ್ಪೀಕರ್ ಒಂದನ್ನು, ಚಿಕ್ಕ ಆಂಪ್ಲಿಫಯರ್ ಒಂದನ್ನು ತಂದೆವು. ಸ್ಪೀಕರ್ ಅಂದರೆ ಇಷ್ಟೇ: ಹಿಂದೆ ಅಯಸ್ಕಾಂತ, ಅದರ ಸಂದಿನಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಬಟ್ಟಲು. ಹಾಡಿನ ವಿದ್ಯುತ್ತು ಸುರುಳಿಯಲ್ಲಿ ಹರಿದಾಗ ಅಯಸ್ಕಾಂತ ಅದನ್ನು ಮುಂದಕ್ಕೂ ಹಿಂದಕ್ಕೂ ತಳ್ಳುತ್ತದೆ. ಬಟ್ಟಲು ಗಾಳಿಯನ್ನು ಅಲುಗಿಸುತ್ತದೆ. ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು ಎಂಜಿನಿಯರರು 1925ರಲ್ಲಿ ಇಂಥ ಸ್ಪೀಕರಿನ ವಿವರ ಪ್ರಕಟಿಸಿದರು. ನೂರು ವರ್ಷವಾದರೂ ಮೂಲ ರಚನೆ ಅದೇ.

ಸ್ಪೀಕರನ್ನು ಬರಿಗೈಯಲ್ಲಿ ಹಿಡಿದು ಹಾಡು ಹಾಕಿದೆವು. ದನಿ ಬಡಕಲು. ಬಟ್ಟಲು ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಸಡಿಲವಾಗುತ್ತದೆ. ಎರಡೂ ಅಂಚಿನ ಸುತ್ತ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ದಪ್ಪ ದನಿಗೆ ಏಟು ಹೆಚ್ಚು. ಹಿಂದಿನ ದನಿಯನ್ನು ಕೂಡಿಹಾಕಲೆಂದೇ ಪೆಟ್ಟಿಗೆ ಬೇಕು.

ಅಟ್ಟದಲ್ಲಿ ತೆಳು ಪ್ಲೈವುಡ್ಡಿನ ಚೌಕ ಪೆಟ್ಟಿಗೆ ಸಿಕ್ಕಿತು. ಒಳಗೆ ಉದ್ದ, ಅಗಲ, ಎತ್ತರ ಎಲ್ಲವೂ 20 ಸೆಂ.ಮೀ. ತೂತು ಕೊರೆದು ಸ್ಪೀಕರ್ ಕೂರಿಸಿದೆವು. ದಪ್ಪ ದನಿ ಬಂತು, ಆದರೆ ಅಮ್ಮ ಕೊಡದೊಳಗೆ ಬಾಯಿಟ್ಟು ಹಾಡಿದಂತಿತ್ತು. ಅಕ್ಕ ಮುಖ ಹಿಂಡಿದಳು. "ದನಿ ಬಂತು, ಮಾತು ಬರಲಿಲ್ಲ."

ಯಾಕೆ ಹೀಗೆ? ಪುಟ್ಟಿಯೇ ಲೆಕ್ಕ ಹಾಕಿದಳು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 20 ಸೆಂ.ಮೀ. ದೂರದ ಗೋಡೆಗೆ ಹೋಗಿ ಬಂದರೆ 40 ಸೆಂ.ಮೀ. ಅಂದರೆ ಸೆಕೆಂಡಿಗೆ ಸುಮಾರು 860 ಸಲ ಹೋಗಿಬರುತ್ತದೆ. ಹಾಡಿನಲ್ಲಿ ಅದೇ 860ರ ಸ್ವರ ಬಂದಾಗ ಪೆಟ್ಟಿಗೆ ತಾನೂ ದನಿಗೂಡಿಸುತ್ತದೆ. ಮನುಷ್ಯರ ಮಾತಿನ ಮುಖ್ಯ ಭಾಗ ಇರುವುದೇ ಆ ಸುತ್ತಿನಲ್ಲಿ. ಚೌಕ ಪೆಟ್ಟಿಗೆಯಲ್ಲಿ ಮೂರು ಜೋಡಿ ಗೋಡೆಗಳಿಗೂ ಒಂದೇ ಅಂತರ, ಹಾಗಾಗಿ ಮೂರೂ ಒಂದೇ ಕಡೆ ಗಲಾಟೆ ಎಬ್ಬಿಸುತ್ತವೆ. ಸಾಲದ್ದಕ್ಕೆ ತೆಳು ಹಲಗೆಯೂ ನಡುಗುತ್ತಿತ್ತು. ಕೈ ಇಟ್ಟರೆ ಗೊತ್ತಾಗುತ್ತಿತ್ತು.

"ವೀಣೆಯ ಕೊಡ, ತಂಬೂರಿಯ ಬುರುಡೆ ಎಲ್ಲಾ ದುಂಡಗೇ ಇವೆಯಲ್ಲ ತಾತ? ನಾವೂ ದುಂಡಗೆ ಮಾಡೋಣ" ಎಂದಳು ಪುಟ್ಟಿ. ಒಳ್ಳೆಯ ಮಾತು, ಆದರೆ ಒಂದು ವ್ಯತ್ಯಾಸ ನೆನಪಿರಲಿ. ವೀಣೆಯ ಕೊಡ ತಾನೂ ಅನುರಣಿಸಬೇಕು. ಸ್ಪೀಕರಿನ ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿರಬೇಕು. ಬಾಗಿದ ಹಲಗೆ ಅದಕ್ಕೂ ಒಳ್ಳೆಯದೇ, ಏಕೆಂದರೆ ಅದು ಹೆಚ್ಚು ಗಡುಸು. ಒಳಗೆ ಎದುರುಬದುರು ಗೋಡೆಗಳೂ ಕಡಿಮೆಯಾಗುತ್ತವೆ.

ನಮ್ಮ ನಕ್ಷೆ ಇಂಗ್ಲಿಷಿನ ಯು ಅಕ್ಷರದಂತಿತ್ತು. ಮುಂದೆ 20 ಸೆಂ.ಮೀ. ಅಗಲದ ಚಪ್ಪಟೆ ಹಲಗೆ, ಎರಡು ಪಕ್ಕ 5 ಸೆಂ.ಮೀ. ನೇರ, ಹಿಂದೆ 10 ಸೆಂ.ಮೀ. ತ್ರಿಜ್ಯದ ಅರ್ಧವೃತ್ತ, ಎತ್ತರ 25 ಸೆಂ.ಮೀ. ಒಳಗೆ ಸುಮಾರು 6.4 ಲೀಟರ್ ಜಾಗ. ಗಣಿತದ ಪುಸ್ತಕ ತೆಗೆದು ನೀವೂ ಲೆಕ್ಕ ಹಾಕಿ ನೋಡಿ.

6 ಮಿ.ಮೀ. ಪ್ಲೈವುಡ್ ಬಾಗುವುದು ಹೇಗೆ? ಒಳಮೈಗೆ ಸಾಲಾಗಿ ಗರಗಸದ ಗೀರು ಹಾಕಬೇಕು. ಹೊರಗೆ ಒಂದೂವರೆ ಮಿ.ಮೀ.ಯಷ್ಟು ಮಾತ್ರ ಕತ್ತರಿಸದೆ ಉಳಿಸಬೇಕು. ಬಾಗಿಸಿದಾಗ ಗೀರುಗಳ ಬಾಯಿ ಮುಚ್ಚಿಕೊಳ್ಳುತ್ತದೆ. ನಮ್ಮ ಬೀದಿಯ ಆಚಾರ್ರು ಕತ್ತರಿಸಿಕೊಡಲು ಒಪ್ಪಿದರು. "ಎಷ್ಟು ಗೀರು ಹಾಕಲಿ ಸ್ವಾಮಿ?" ಎಂದರು. ನಾನು ಯೋಚಿಸದೆ "ಹತ್ತು ಸಾಕು" ಎಂದುಬಿಟ್ಟೆ.

ಮನೆಗೆ ತಂದು ಬಾಗಿಸಿದೆವು. ಮುಕ್ಕಾಲು ಬಾಗಿತು, ಆಮೇಲೆ ಫಟ್! ಹಲಗೆ ಎರಡು ತುಂಡು. ಪುಟ್ಟಿಯ ಕಣ್ಣಲ್ಲಿ ನೀರು. ಅವಳ ರಜೆ ಮುಗಿಯಲು ಹನ್ನೆರಡೇ ದಿನ ಉಳಿದಿತ್ತು.

ಆ ರಾತ್ರಿ ಪುಟ್ಟಿ ನನ್ನ ತಪ್ಪು ಹಿಡಿದಳು. "ತಾತ, ಹೊರಗಿನ ಅರ್ಧವೃತ್ತ 33.3 ಸೆಂ.ಮೀ., ಒಳಗಿನದು 31.4. ಹೆಚ್ಚುಕಡಿಮೆ 19 ಮಿ.ಮೀ. ಒಳಗೆ ಮಾಯವಾಗಬೇಕು. ಗರಗಸದ ಗೀರು ಒಂದೂವರೆ ಮಿ.ಮೀ. ಅಗಲ. ಹತ್ತು ಗೀರಿಗೆ 15 ಮಿ.ಮೀ. ಮಾತ್ರ ಆಯ್ತು!" ಗೀರುಗಳೆಲ್ಲ ಮುಚ್ಚಿದ ಮೇಲೂ ನಾವು ಒತ್ತಿದ್ದೆವು. ಮುರಿಯದೆ ಇನ್ನೇನು?

ಈ ಸಲ ಸೆಂಟಿಮೀಟರಿಗೊಂದರಂತೆ 33 ಗೀರು. ಬಾಗು ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಅಕ್ಕನೂ ಒಂದು ಬುದ್ಧಿ ಹೇಳಿದಳು. "ಮೇದರು ಬಿದಿರು ನೆನೆಸಿ ತಾನೇ ಬುಟ್ಟಿ ಹೆಣೆಯೋದು? ಹಲಗೆಗೂ ಬಿಸಿನೀರಿನ ಬಟ್ಟೆ ಹಾಕ್ರೋ." ಹೊರಮೈಗೆ ಒದ್ದೆ ಬಟ್ಟೆ ಹಾಸಿ, ಸ್ವಲ್ಪ ಸ್ವಲ್ಪವೇ ಬಾಗಿಸಿದೆವು. ಬಾಗಿತು! ಮೇಲಿನ, ಕೆಳಗಿನ ಹಲಗೆಗಳಿಗೆ ಸುತ್ತಿ, ಹಳೆಯ ಸೈಕಲ್ ಟ್ಯೂಬನ್ನು ಬಿಗಿಯಾಗಿ ಕಟ್ಟಿದೆವು. ಪೂರ್ತಿ ಒಣಗಿದ ಮೇಲೆ ಎಲ್ಲವನ್ನೂ ಅಂಟಿಸಿದೆವು. ಉಳಿದ ಗೀರುಗಳಿಗೆ ಮರದ ಹುಡಿಯನ್ನು ಬಿಳಿ ಅಂಟಿನಲ್ಲಿ ಕಲಸಿ ಮೆತ್ತಿದೆವು. ಗಾಳಿ ಸೋರುವ ಸಂದು ಒಂದೂ ಉಳಿಯಬಾರದು.

ಪುಟ್ಟಿ ಒಳಗೆ ಇಣುಕಿ, "ಮೇಲೂ ಕೆಳಗೂ ಇನ್ನೂ ಎದುರುಬದುರೇ ಇದೆಯಲ್ಲ ತಾತ?" ಎಂದಳು. ನಿಜ. ಅದಕ್ಕೇ ಹಳೆಯ ದಿಂಬಿನ ಹತ್ತಿಯನ್ನು ಬಿಡಿಸಿ ಒಳಗೆ ತುಂಬಿದೆವು. ಹತ್ತಿಯ ಎಳೆಗಳ ನಡುವೆ ಓಡಾಡುವ ಗಾಳಿ ದಣಿಯುತ್ತದೆ, ಪ್ರತಿಧ್ವನಿ ಇಳಿಯುತ್ತದೆ.

ಕೊನೆಯಲ್ಲಿ ಮುಂದಿನ ಹಲಗೆಯ ಚೂಪು ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ದುಂಡಗೆ ಮಾಡಿದೆವು. ಅಮೆರಿಕದ ಹ್ಯಾರಿ ಓಲ್ಸನ್ ಎಂಬ ವಿಜ್ಞಾನಿ 12 ಆಕಾರದ ಪೆಟ್ಟಿಗೆಗಳಲ್ಲಿ ಸ್ಪೀಕರ್ ಇಟ್ಟು ಅಳತೆ ಮಾಡಿ, 1951ರಲ್ಲಿ ಫಲಿತಾಂಶ ಪ್ರಕಟಿಸಿದರು. ಚೆಂಡಿನಾಕಾರದ ಪೆಟ್ಟಿಗೆಯ ದನಿ ತುಂಬ ಸಮನಾಗಿತ್ತು, ಚೌಕದ್ದು ಏರುಪೇರು. ಚೂಪು ಅಂಚನ್ನು ದಾಟುವಾಗ ದನಿ ಚದುರಿ ಮೂಲ ದನಿಯೊಡನೆ ಕಲಬೆರಕೆಯಾಗುವುದೇ ಕಾರಣ.

ಪುಟ್ಟಿ ಊರಿಗೆ ಹೊರಡುವ ಹಿಂದಿನ ದಿನ ಸಂಜೆ ಅಕ್ಕನನ್ನು ಎದುರಿಗೆ ಕೂರಿಸಿ ಹಾಡು ಹಾಕಿದೆವು. ಬೀಸುಕಲ್ಲಿನ ಗರಗರ ಮೊದಲು ಬಂತು, ಆಮೇಲೆ ಅಮ್ಮ. ಅಕ್ಕ ಅಲುಗಾಡದೆ ಕೂತಿದ್ದಳು. ಹಾಡಿನ ನಡುವೆ ಒಂದು ಕಡೆ ಅಮ್ಮನ ದನಿ ತಗ್ಗುತ್ತದೆ. ಅದೂ ಹಾಡಿನ ಸಾಲೇ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅಕ್ಕ ಥಟ್ಟನೆ ಕೈ ಎತ್ತಿದಳು. "ನಿಲ್ಲಿಸು, ಇನ್ನೊಂದು ಸಲ ಹಾಕು."

ಮತ್ತೆ ಹಾಕಿದೆವು. "ಬಾಗಿಲು ಮುಂದೆ ಮಾಡೇ, ಕರು ಒಳಗೆ ಬತ್ತದೆ."

"ಅದು ನನಗೆ ಹೇಳಿದ್ದು" ಎಂದಳು ಅಕ್ಕ. "ಹಬ್ಬಕ್ಕೆ ತವರಿಗೆ ಬಂದಿದ್ದೆ." ಎದ್ದು ಹೋಗಿ ನಮ್ಮ ಮನೆಯ ಬಾಗಿಲನ್ನು ಮುಂದೆ ಮಾಡಿ ಬಂದು ಕೂತಳು. ಪುಟ್ಟಿ ನಕ್ಕಳು, ನನಗೆ ನಗಲಾಗಲಿಲ್ಲ.

ಮರುದಿನ ಪುಟ್ಟಿಯ ಪ್ರಶ್ನೆ: "ಮಾತು ಬಿಡಿಸಿ ಕೇಳಿದ್ದು ಬಾಗಿದ ಹಲಗೆಯಿಂದಲೋ, ಹತ್ತಿಯಿಂದಲೋ?" ಹತ್ತಿ ತೆಗೆದು ಕೇಳಿದೆವು. ಚೌಕ ಪೆಟ್ಟಿಗೆಗಿಂತ ಚೆನ್ನಾಗಿತ್ತು, ಆದರೂ ಸ್ವಲ್ಪ ಗುಂಯ್ ಇತ್ತು. ಆಮೇಲೆ ಅದೇ ಹತ್ತಿಯನ್ನು ಚೌಕ ಪೆಟ್ಟಿಗೆಗೆ ತುಂಬಿದೆವು. ಅದೂ ಎಷ್ಟೋ ಸುಧಾರಿಸಿತು! ನಮ್ಮ ಕಿವಿಯ ಮಟ್ಟಿಗೆ ಹತ್ತಿಯದೇ ದೊಡ್ಡ ಪಾಲು. ಹಾಗಾಗಿ ಹಲಗೆ ಬಾಗಿಸಲು ಆಗದವರು ಬೇಸರ ಮಾಡಿಕೊಳ್ಳಬೇಕಿಲ್ಲ.

ಅಜ್ಜ ಅಜ್ಜಿಯರಿಗೆ ಎರಡು ಮಾತು. ಗರಗಸದ ಕೆಲಸ ದೊಡ್ಡವರದು, ಆಂಪ್ಲಿಫಯರನ್ನು ಮಕ್ಕಳು ಬಿಚ್ಚಬಾರದು. ಕಿವಿ ಮಂದವಾದರೆ ವೈದ್ಯರಿಗೆ ತೋರಿಸಿ, ಪೆಟ್ಟಿಗೆ ಔಷಧಿಯಲ್ಲ.

ಮಕ್ಕಳೇ, ಈ ವಾರದ ಕೆಲಸ: ಒಂದು ಹಾಳೆಯನ್ನು ಒಂದು ತುದಿಯಲ್ಲಿ ಹಿಡಿಯಿರಿ, ಬಾಗಿ ಬೀಳುತ್ತದೆ. ಈಗ ಅದೇ ತುದಿಯನ್ನು ದೋಣಿಯಂತೆ ಸ್ವಲ್ಪ ಬಾಗಿಸಿ ಹಿಡಿಯಿರಿ. ನೆಟ್ಟಗೆ ನಿಲ್ಲುತ್ತದೆ! ಬಾಗಿದ ಹಲಗೆಯ ಗುಟ್ಟೂ ಅದೇ. ಮನೆಯಲ್ಲಿ ಬಿಡಿ ಸ್ಪೀಕರ್ ಇದ್ದರೆ ಒಂದೂವರೆ ವೋಲ್ಟಿನ ಸೆಲ್ಲನ್ನು ಅದಕ್ಕೆ ಒಂದು ಕ್ಷಣ ಮುಟ್ಟಿಸಿ. ಬಟ್ಟಲು ಮುಂದಕ್ಕೆ ಬಂತೋ ಹಿಂದಕ್ಕೆ ಹೋಯಿತೋ ನೋಡಿ. ಸೆಲ್ಲನ್ನು ತಿರುಗಿಸಿ ಮುಟ್ಟಿಸಿದರೆ ಏನಾಗುತ್ತದೆ? ನಿಮ್ಮ ಅಜ್ಜಿಗೆ ತೋರಿಸಿ, ಬರೆದು ಕಳಿಸಿ.