ಸಿಸ್ಟರ್ ‘ನಿಲ್ಲಿಸಿ’ ಅಂದರೆ ನಿಲ್ಲಿಸಬೇಕು
ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ಆಡಳಿತದವರೇ, ವೈದ್ಯರೇ, ಆರೋಗ್ಯ ರಕ್ಷಾ ಸಮಿತಿಯ ಸದಸ್ಯರೇ,

ಕುತ್ತಿಗೆಯ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನು ಹೃದಯದ ಹತ್ತಿರದವರೆಗೂ ಹೋಗುತ್ತದೆ. ತೊಳೆಯದ ಕೈಯಿಂದ ಮುಟ್ಟಿದರೆ ರೋಗಾಣು ಅದೇ ದಾರಿಯಲ್ಲಿ ನೇರ ನೆತ್ತರಿಗಿಳಿಯುತ್ತದೆ. ಆಮೇಲೆ ಚಳಿಜ್ವರ, ಬಿ.ಪಿ. ಕುಸಿತ, ಎಷ್ಟೋ ಸಲ ಸಾವು. ‘ನಂಜೇರಿತು, ಏನು ಮಾಡೋಕಾಗುತ್ತೆ’ ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಡಾ. ಪೀಟರ್ ಪ್ರೊನೊವೊಸ್ಟ್ ಅವರ ತಂಡ ಐದೇ ಕೆಲಸಗಳನ್ನು ತಪ್ಪದೆ ಮಾಡಿಸಿತು: ಕೈ ತೊಳೆಯುವುದು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಹಚ್ಚುವುದು, ಟೋಪಿ, ಮಾಸ್ಕ್, ಗೌನು, ಸ್ಟೆರೈಲ್ ಗ್ಲೌಸು ತೊಟ್ಟು ರೋಗಿಗೆ ಪೂರ್ತಿ ಸ್ಟೆರೈಲ್ ಬಟ್ಟೆ ಹೊದಿಸುವುದು, ಆದಷ್ಟೂ ತೊಡೆಸಂದಿಗೆ ಹಾಕದಿರುವುದು, ಬೇಡವಾದ ಲೈನನ್ನು ಕೂಡಲೇ ತೆಗೆಯುವುದು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಪ್ರತಿ 1000 ಕ್ಯಾತಿಟರ್ ದಿನಗಳಿಗೆ ಸರಾಸರಿ 7.7ರಷ್ಟಿದ್ದ ಸೋಂಕು ಹದಿನೆಂಟು ತಿಂಗಳೊಳಗೆ 1.4ಕ್ಕೆ ಇಳಿದಿತ್ತು. ಅದಕ್ಕೆ ಹೊಸ ಔಷಧವಾಗಲಿ ಯಂತ್ರವಾಗಲಿ ಬೇಕಾಗಲಿಲ್ಲ. ತುರ್ತು ಇಲ್ಲದಿರುವಾಗ ಒಂದು ಹೆಜ್ಜೆ ತಪ್ಪಿದರೂ ವೈದ್ಯರನ್ನು ತಡೆಯುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಟ್ಟಿದ್ದರು.

ನಮ್ಮ ವಾರ್ಡುಗಳಲ್ಲಿ ಆ ಅಧಿಕಾರವೇ ಇಲ್ಲ. ತಪ್ಪು ಸಿಸ್ಟರ್ ಕಣ್ಣಿಗೆ ಬೀಳುತ್ತದೆ, ಆದರೆ ದೊಡ್ಡ ಡಾಕ್ಟರ ಮುಂದೆ ಬಾಯಿ ಏಳುವುದಿಲ್ಲ. ಅವರಿಗೆ ಧೈರ್ಯ ಹೇಳಿದರೆ ಸಾಲದು. ಲಿಖಿತ ಆದೇಶ ಬೇಕು, ಅದು ಐಸಿಯು ಗೋಡೆಯ ಮೇಲೆ ಇರಬೇಕು.

ದುಡ್ಡಿಲ್ಲ ಎನ್ನುತ್ತೀರಿ. ಕೊರತೆ ನಿಜ. ಒಬ್ಬರೇ ಸಿಸ್ಟರ್ ಹತ್ತಾರು ಹಾಸಿಗೆ ನೋಡುವಲ್ಲಿ ಈ ಐದು ಕೆಲಸಗಳ ಪಟ್ಟಿಯೂ ನಿಲ್ಲುವುದಿಲ್ಲ, ನೇಮಕಾತಿ ಆಗಲೇಬೇಕು. ಆದರೆ ಕೈಗೆ ಹಚ್ಚುವ ದ್ರಾವಣಕ್ಕೆ ಕಂಪನಿಯ ದಾರಿ ಕಾಯಬೇಕಿಲ್ಲ: ಶೇ. 80 ಎಥೆನಾಲ್, ಸ್ವಲ್ಪ ಗ್ಲಿಸರಿನ್, ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್, ಕುದಿಸಿ ಆರಿಸಿದ ನೀರು. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಈ ಸೂತ್ರದಂತೆ ಆಸ್ಪತ್ರೆಯ ಫಾರ್ಮಸಿಯಲ್ಲೇ ತಯಾರಿಸಬಹುದು. ಲೈನ್ ಹಾಕುವ ಸಾಮಾನೆಲ್ಲ ಒಂದೇ ಟ್ರಾಲಿಯಲ್ಲಿ ಸಿಗಬೇಕು. ನಾಲ್ಕು ಕಪಾಟು ಹುಡುಕಬೇಕಾದರೆ ಯಾರೂ ಹುಡುಕುವುದಿಲ್ಲ.

ಸೂಜಿ ಚುಚ್ಚಿಟ್ಟ ಒಂದೇ ಸಲೈನ್ ಬಾಟಲಿಯಿಂದ ಇಡೀ ವಾರ್ಡಿಗೆ ಫ್ಲಶ್ ಮಾಡುವ ಪದ್ಧತಿ ಇವತ್ತೇ ನಿಲ್ಲಲಿ. ಒಬ್ಬರ ಸೋಂಕು ಹತ್ತು ಜನಕ್ಕೆ ಹರಡುವುದು ಹೀಗೆಯೇ. ಪ್ರತಿ ಇಂಜೆಕ್ಷನ್‌ಗೂ ಮುಂಚೆ ಲೈನಿನ ಬಾಯನ್ನು ಸ್ಪಿರಿಟ್ ಸ್ವಾಬ್‌ನಿಂದ ಹದಿನೈದು ಸೆಕೆಂಡ್ ತಿಕ್ಕಬೇಕು. ಡಯಾಲಿಸಿಸ್ ರೋಗಿಗಳನ್ನು ತಿಂಗಳುಗಟ್ಟಲೆ ಕುತ್ತಿಗೆಯ ತಾತ್ಕಾಲಿಕ ಕ್ಯಾತಿಟರ್‌ನಲ್ಲೇ ಇಡದೆ, ಬೇಗ ಫಿಸ್ಟುಲಾ ಮಾಡಿಸಲು ಕಳಿಸಿ.

ರೋಗಿಯ ಕಡೆಯವರೇ, ದಿನವೂ ರೌಂಡ್ಸ್ ಹೊತ್ತಿಗೆ ಕೇಳಿ: “ಡಾಕ್ಟ್ರೇ, ಈ ಲೈನು ಇವತ್ತೂ ಬೇಕಾ?” ಕೇಳುವುದು ನಿಮ್ಮ ಹಕ್ಕು. ಉತ್ತರ ಕೊಡುವುದು ಆಸ್ಪತ್ರೆಯ ಕರ್ತವ್ಯ.