ಬೆಲೆಯೇ ಅಳತೆಗೋಲಾದಾಗ

ಮೊಬೈಲಿನ ಸಮಗ್ರ ಬೆಲೆಯನ್ನೇ ಆಧಾರವಾಗಿಟ್ಟುಕೊಂಡು ಸಂಪರ್ಕತಂತ್ರದ ಪೇಟೆಂಟುಗಳ ಒಡೆತನವುಳ್ಳ ಕ್ವಾಲ್‌ಕಾಮ್ ಸಂಸ್ಥೆಯು ರಾಯಲ್ಟಿ ಪಡೆಯುವುದು ನ್ಯಾಯವೆಂದೂ, 2020ರ ಆಗಸ್ಟ್‌ನಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೇ ಅದನ್ನು ಎತ್ತಿಹಿಡಿಯಿತೆಂದೂ ಕಳೆದ ಸಂಚಿಕೆಯ ಲೇಖಕರು ಪ್ರತಿಪಾದಿಸಿರುವುದನ್ನು ನಾನು ಸರ್ವಥಾ ಒಪ್ಪಲಾರೆನು. ನ್ಯಾಯಾಧೀಶೆ ಲೂಸಿ ಕೋ ಅವರು ಆ ಸಂಸ್ಥೆಯ ವಿರುದ್ಧ 2019ರಲ್ಲಿ ನೀಡಿದ್ದ ತೀರ್ಪನ್ನು ರದ್ದುಪಡಿಸಿದ ಆ ಪೀಠವು, ಸ್ಪರ್ಧಾನಿಯಮದ ಉಲ್ಲಂಘನೆ ಸಿದ್ಧಪಟ್ಟಿಲ್ಲವೆಂದು ಹೇಳಿತೇ ಹೊರತು, ದರವು ಧರ್ಮ್ಯವೆಂದು ಸಾರಲಿಲ್ಲ. ನ್ಯಾಯಯುತವಾಗಿ ಪರವಾನಗಿ ಕೊಡುವೆನೆಂಬ ವಾಗ್ದಾನವು ಭಂಗವಾಗಿದ್ದರೆ ಅದಕ್ಕೆ ಪರಿಹಾರವು ಕರಾರಿನ ಮತ್ತು ಪೇಟೆಂಟಿನ ಕಾನೂನಿನಲ್ಲಿದೆಯೆಂದಿತು.

ಬಾವಿ ತೋಡಿದವನಿಗೆ ಕೂಲಿ ಸಲ್ಲಬೇಕು, ಅದು ನಿರ್ವಿವಾದ. ಆದರೆ ಮನೆಯೊಡೆಯನು ತೇಗದ ಬಾಗಿಲನ್ನಿರಿಸಿದನೆಂಬ ಕಾರಣಕ್ಕೆ ಆ ಕೂಲಿ ಏರತಕ್ಕದ್ದೇ? ಪರದೆ, ಕ್ಯಾಮೆರಾ, ಸ್ಮೃತಿಕೋಶ ಇವೆಲ್ಲವೂ ಅನ್ಯರ ಶ್ರಮದ ಫಲಗಳಾಗಿರುವಾಗ, ಅವುಗಳಿಂದ ಹೆಚ್ಚಿದ ಬೆಲೆಯಲ್ಲಿ ಸಂಪರ್ಕತಂತ್ರದ ಒಡೆಯನಿಗೆ ಪಾಲೆಲ್ಲಿಯದು? ಲೆಕ್ಕಕ್ಕೆ ಹಿಡಿಯುವ ಬೆಲೆಗೆ 400 ಡಾಲರುಗಳ ಮಿತಿಯಿದೆಯೆಂಬುದು ನಿಜ. ಬೆಲೆಯು ಆವಿಷ್ಕಾರದ ಮೌಲ್ಯಕ್ಕೆ ಅಳತೆಗೋಲಲ್ಲವೆಂಬುದಕ್ಕೆ ಆ ಮಿತಿಯೇ ಸಾಕ್ಷಿ.

ಪರವಾನಗಿ ಪಡೆಯದವನಿಗೆ ಚಿಪ್ಪನ್ನೂ ಮಾರದಿರುವ ಕ್ವಾಲ್‌ಕಾಮ್ ಸಂಸ್ಥೆಯ ಪದ್ಧತಿಯ ವಿಷಯದಲ್ಲಿ ಲೇಖಕರದು ಸಂಪೂರ್ಣ ಮೌನ. ಆ ಸಂಸ್ಥೆಯ ವಿರುದ್ಧ ಆಪಲ್ 2017ರ ಜನವರಿಯಲ್ಲಿ ಹೂಡಿದ ದಾವೆಯು 2019ರ ಏಪ್ರಿಲ್ 16ರಂದು ರಾಜಿಯಲ್ಲಿ ಮುಗಿದುದನ್ನು ಅವರು ಸಮ್ಮತಿಯೆಂದು ಭಾವಿಸಿದ್ದಾರೆ. ಆದರೆ ಆಪಲ್‌ಗೆ ಮೋಡೆಮ್ ಒದಗಿಸುತ್ತಿದ್ದ ಇಂಟೆಲ್, ಮೊಬೈಲಿನ 5ಜಿ ಮೋಡೆಮ್ ವ್ಯವಹಾರದಿಂದ ಹಿಂದೆಗೆಯುವೆನೆಂದು ಘೋಷಿಸಿದುದೂ ಅದೇ ದಿನ.