ಹಳ್ಳಕ್ಕೆ ಎಂತಕ್ಕೆ ಬೇಲಿ?

ಮನೆ ಹಿಂದಿನ ಹಳ್ಳದ ಬದಿಗೆ ಬೇಲಿ ಹಾಕ್ತೀನಿ ಅಂದಾಗ ಅಪ್ಪಯ್ಯ ಕವಳ ಉಗಿದು ಬಂದು ಕೇಳಿದ್ದು ಒಂದೇ ಪ್ರಶ್ನೆ: "ಹಳ್ಳಕ್ಕೆ ಎಂತಕ್ಕೆ ಬೇಲಿ? ಅದೆಂತ ಓಡಿ ಹೋಗ್ತದಾ?"

"ಓಡ್ತಾನೇ ಇದೆಯಲ್ಲ ಅಪ್ಪಯ್ಯ, ನಮ್ಮ ಮಣ್ಣೂ ಹೊತ್ಕೊಂಡು" ಅಂದೆ. ಎರಡು ದಿನ ನನ್ನ ಹತ್ರ ಮಾತಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಹಿಡುವಳಿ. ಸ್ವಲ್ಪ ಅಡಿಕೆ ತೋಟ, ಎರಡು ಎಕರೆ ಬೇಣ, ನಾಲ್ಕು ಮಲೆನಾಡು ಗಿಡ್ಡ, ಒಂದು ಜರ್ಸಿ ಮಿಶ್ರತಳಿ ದನ. ಬೇಣ ಅಂದ್ರೆ ಗೊತ್ತಿಲ್ಲದವರಿಗೆ ಹೇಳ್ತೀನಿ, ಹುಲ್ಲಿಗೆಂದೇ ಬಿಟ್ಟ ಗುಡ್ಡದ ಇಳಿಜಾರು. ಮಳೆಯಲ್ಲಿ ಬೆಳೆದ ಹುಲ್ಲನ್ನು ಮಳೆ ಮುಗಿದ ಮೇಲೆ ಕೊಯ್ದು ಒಣಗಿಸಿ ಕರಡ ಮಾಡಿ ಇಡೋದು. ವರ್ಕ್ ಫ್ರಮ್ ಹೋಮ್ ನೆಪದಲ್ಲಿ ಊರಿಗೆ ಬಂದ ನನಗೆ ಇದೆಲ್ಲ ಲ್ಯಾಪ್‌ಟಾಪಿನ ವಾಲ್‌ಪೇಪರ್ ಥರ ಚಂದ ಕಾಣ್ತಿತ್ತು, ಜರ್ಸಿ ಕಾಯಿಲೆ ಬೀಳೋವರೆಗೆ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅದರ ದವಡೆ ಕೆಳಗೆ ನೀರು ತುಂಬಿದ ಚೀಲದ ಹಾಗೆ ಊತ ಬಂತು. ಮೇವು ಬಿಟ್ಟಿತು, ಹಾಲು ಅರ್ಧಕ್ಕಿಳಿಯಿತು. ಪಶುವೈದ್ಯರು ಬಂದು ಕಣ್ಣ ರೆಪ್ಪೆ ಬಿಡಿಸಿ ನೋಡಿದರು, ಒಳಗೆಲ್ಲ ಬಿಳಿಚು. ಸಗಣಿ ಪರೀಕ್ಷೆ ಮಾಡಿಸಿ, "ಯಕೃತ್ತಿನ ಹುಳ" ಅಂದರು. ಆಮೇಲೆ ಅವರು ಕೇಳಿದ್ದು ದನದ ಬಗ್ಗೆ ಅಲ್ಲ. "ನೀರು ಕುಡಿಯೋಕೆ ಎಲ್ಲಿಗೆ ಹೋಗ್ತವೆ, ತೋರಿಸಿ."

ತೋರಿಸಿದೆ. ತೋರಿಸುವಾಗ ನನಗೇ ನಾಚಿಕೆ ಆಯ್ತು. ದಿನಾ ಒಂದೇ ಕಡೆ ಇಳಿದಿಳಿದು ದನಗಳ ದಾರಿ ಆಳದ ಕೊರಕಲಾಗಿತ್ತು. ದಡದ ತುಂಬ ಗೊರಸಿನ ಗುಂಡಿ, ಗುಂಡಿಯಲ್ಲಿ ಕೆಸರು ನೀರು, ನೀರಲ್ಲಿ ಸಣ್ಣ ಸಣ್ಣ ಬಸವನ ಹುಳು. ಸಗಣಿ ಜೊತೆ ಹೊರಬಂದ ಮೊಟ್ಟೆ ಆ ನೀರಲ್ಲಿ ಒಡೆದು, ಮರಿ ಬಸವನ ಹುಳುವಿನ ಹೊಟ್ಟೆ ಸೇರಿ, ಅಲ್ಲಿ ಬೆಳೆದು ಹೊರಬಂದು ಹುಲ್ಲಿನ ಎಸಳಿಗೆ ಅಂಟಿಕೊಳ್ತದಂತೆ. ದನ ಆ ಹುಲ್ಲು ತಿಂದರೆ ಮತ್ತೆ ಯಕೃತ್ತಿಗೆ. ಅಂದರೆ ದನಗಳ ಕಾಲಲ್ಲೇ ಆ ಹುಳಕ್ಕೆ ಮನೆ ಕಟ್ಟಿಸಿಕೊಟ್ಟವರು ನಾವು. ಔಷಧಿ ಹಾಕಿದ್ದಾಯ್ತು. ವೈದ್ಯರು ಹೇಳಿದಷ್ಟು ದಿನ ಹಾಲು ಚೆಲ್ಲಿದ್ದೂ ಆಯ್ತು. ಅಮ್ಮ ಪ್ರತಿಸಲ ತೆಂಗಿನ ಬುಡಕ್ಕೆ ಹಾಲು ಸುರಿಯುವಾಗ ಮುಖ ಆಚೆ ತಿರುಗಿಸ್ತಿದ್ದಳು.

ಇನ್ನೊಂದು ವಿಷಯ ಇತ್ತು, ಮನೆಯಲ್ಲಿ ಯಾರೂ ಬಾಯಿ ಬಿಡದ್ದು. ಅದಕ್ಕೆ ಎರಡು ವರ್ಷ ಮುಂಚೆ ಅಪ್ಪಯ್ಯ ದಡದ ಮುಂಡಿಗೆ, ವಾಟೆ ಎಲ್ಲ ಕಡಿಸಿ ಇಪ್ಪತ್ತು ಅಡಿಕೆ ಸಸಿ ಹೆಚ್ಚಿಗೆ ನೆಟ್ಟಿದ್ದರು. ಆಷಾಢದ ಒಂದು ರಾತ್ರಿ ದಡವೇ ಕುಸಿದು ಏಳು ಸಸಿ, ಜೊತೆಗೆ ಫಸಲು ಕೊಡ್ತಿದ್ದ ಎರಡು ಮರ ಹಳ್ಳದ ಪಾಲಾದವು. ಕಾಡುಗಿಡ ಅಂತ ಕಡಿದ ಬೇರೇ ಮಣ್ಣನ್ನು ಹಿಡಿದಿದ್ದು. ಅಪ್ಪಯ್ಯನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು ಅಂತ ನನ್ನ ಅನುಮಾನ. ಆದರೆ ಆ ವರ್ಷದ ಅಡಿಕೆ ರೇಟು ಹಾಗಿತ್ತು. ಅವರನ್ನು ದೂರೋಕೆ ನನಗೆ ಬಾಯಿಲ್ಲ, ಕಾಲೇಜಿನ ಫೀಸು ಬಂದಿದ್ದೂ ಅಡಿಕೆಯಿಂದಲೇ.

ಕೊನೆಗೆ ಅಮ್ಮನೇ ರಾಜಿ ಮಾಡಿಸಿದಳು. ಹಳ್ಳ ಸರ್ಕಾರದ್ದು, ಬೇಲಿ ನಮ್ಮ ಅಂಚಿಗೆ ಮಾತ್ರ. ದಡದಿಂದ ಹದಿನೈದು ಹೆಜ್ಜೆ ಬಿಟ್ಟು ತಂತಿ ಎಳೆದೆವು. ಒಳಗೆ ಮುಂಡಿಗೆ ಮತ್ತೆ ನೆಟ್ಟೆವು, ನಡುವೆ ಲಕ್ಕಿ ಗೂಟ. ಲಕ್ಕಿ ಕೊಂಬೆ ಕಡಿದು ಊರಿದರೆ ಸಾಕು, ಚಿಗುರ್ತದೆ. ದನ ಮೂಸಿಯೂ ನೋಡೋದಿಲ್ಲ. ನೀರಿಗೆ ಮಾತ್ರ ತಲೆ ಕೆಡ್ತು. ಪಂಪ್ ಇಡೋಣ ಅಂದೆ ನಾನು. "ಸುಮ್ನಿರೇ ಮಾರಾಯ್ತಿ, ಮೇಲಿಂದ ಅಬ್ಬಿ ನೀರು ಬರಲ್ವಾ" ಅಂತ ಅಪ್ಪಯ್ಯ ಪೈಪ್ ಎಳೆದು, ಕೊಟ್ಟಿಗೆ ಹಿಂದೆ ಪಾಚಿ ಕಟ್ಟಿ ಬಿದ್ದಿದ್ದ ಅಜ್ಜನ ಕಾಲದ ಕಲ್ಲುಬಾನಿ ಉರುಳಿಸಿ ತಂದು ಕೂರಿಸಿದರು. ಕರೆಂಟು ಬಿಲ್ಲಿಲ್ಲ, ಏನಿಲ್ಲ. ಬಾನಿ ಸುತ್ತ ಜಲ್ಲಿ ಹಾಕಿದ್ದು ನನ್ನ ಐಡಿಯಾ, ಇಲ್ಲದಿದ್ರೆ ಅಲ್ಲೊಂದು ಹೊಸ ಕೆಸರುಗುಂಡಿ ಆಗ್ತಿತ್ತು.

ಬೇಣವನ್ನೂ ಮೂರು ಭಾಗ ಮಾಡಿದ್ದೇವೆ. ಒಂದರಲ್ಲಿ ಹುಲ್ಲು ಪಾದ ಮುಳುಗುವಷ್ಟಕ್ಕೆ ಇಳಿದರೆ ದನ ಇನ್ನೊಂದಕ್ಕೆ. ಚಿಗುರಿದ್ದನ್ನು ಚಿಗುರಿದಂತೆ ಮೇಯಿಸಿದರೆ ಬೇರು ಸೊರಗಿ, ಖಾಲಿ ಜಾಗಕ್ಕೆ ಯುಪಟೋರಿಯಂ ನುಗ್ತದೆ. ಮೂರನೆಯದು ಕರಡಕ್ಕೆ ಮೀಸಲು. ಇದರಲ್ಲಿ ಅಪ್ಪಯ್ಯನದ್ದು ಇನ್ನೂ ತಕರಾರಿದೆ. ಅವರ ಲೆಕ್ಕದಲ್ಲಿ ಎರಡು ಭಾಗ ಸಾಕು.

ಈ ಮಳೆಗೆ ದಡ ಒಂದು ಕಡೆ ಮತ್ತೆ ಸ್ವಲ್ಪ ಜರುಗಿದೆ, ಮುಂಡಿಗೆ ಬೇರು ಇನ್ನೂ ಎಳೆಯದು. ಜರ್ಸಿ ಚೇತರಿಸಿಕೊಂಡಿದೆ. ಹಾಲು ಮೊದಲಿನಷ್ಟಿಲ್ಲ, ಆದರೂ ಇದೆ. ಸಂಜೆ ಮಳೆ ಜೋರಾದರೆ ಅಪ್ಪಯ್ಯ ಟಾರ್ಚ್ ಹಿಡಿದು, ಗೊರಬು ಹಾಕಿಕೊಂಡು ಹಳ್ಳದ ಕಡೆ ಹೊರಡ್ತಾರೆ. ಎಲ್ಲಿಗೆ ಅಂದ್ರೆ ಹೇಳೋದಿಲ್ಲ. ಮೊನ್ನೆ ನಾನು ಟೀಮ್ ಮೀಟಿಂಗಲ್ಲಿ ಕ್ಯಾಮೆರಾ ಆನ್ ಇಟ್ಟುಕೊಂಡು ಗಂಭೀರವಾಗಿ ಕೂತಿದ್ದಾಗ ಅಂಗಳದಿಂದಲೇ ಕೂಗು: "ಏಯ್, ಆಚೆಮನೆ ಎಮ್ಮೆ ನಮ್ಮ ಬೇಲಿ ಒಳಗೆ ನುಗ್ಗಿ ಮುಂಡಿಗೆ ತುಳೀತಾ ಇದೆ, ಓಡಿಸು ಬಾ!"

'ನಮ್ಮ ಬೇಲಿ' ಅಂದರು. ಮ್ಯೂಟ್ ಮಾಡೋದು ಮರೆತು ಓಡಿದೆ.